ಊರ ಜಾತ್ರೆಯ ಹೊತ್ತಿಗೆ ಬಂದ ಕಾಯ್ದೆಗಳು

ಯುಗಾದಿ ಕಳೆದು ಮುಂಗಾರಿನ ಮೊದಲ ಹದ ಮಳೆ ಬೀಳುವ ತನಕ ಬಯಲುಸೀಮೆಯ ಹಳ್ಳಿಗಳಲ್ಲಿ ಹೊಲದ ಕೆಲಸ ಕಮ್ಮಿ, ಊರಿನ ಕೆಲಸ ಜಾಸ್ತಿ. ತೇರು, ಮದುವೆ, ಗೃಹಪ್ರವೇಶ, ರಾತ್ರಿ ನಾಟಕ, ಬತ್ತಿದ ಬೋರಿನ ಪಕ್ಕ ಇನ್ನೊಂದು ಬೋರು, ರಜೆಗೆ ಬಂದ ಮೊಮ್ಮಕ್ಕಳು, ತಪ್ಪದ ಸಂಘದ ಕಂತು, ಜೂನ್ ಬಂದರೆ ಶಾಲೆ ಫೀಸು. ವರ್ಷದ ಅರ್ಧ ಖರ್ಚು, ಅರ್ಧ ಜಗಳ, ಅರ್ಧ ಸಂಭ್ರಮ ಇದೇ ಎಂಟು ಹತ್ತು ವಾರಗಳಲ್ಲಿ ಮುಗಿದುಹೋಗುತ್ತದೆ. (ಮೂರು ಅರ್ಧ ಸೇರಿದರೆ ಒಂದೂವರೆ ಆಗುತ್ತದೆ ಎನ್ನಬೇಡಿ. ಬೇಸಿಗೆಯ ಲೆಕ್ಕವೇ ಹಾಗೆ, ಕೈಯಲ್ಲಿದ್ದದ್ದಕ್ಕಿಂತ ಹೆಚ್ಚು ಖರ್ಚಾಗಿರುತ್ತದೆ.)

ಈಚಿನ ವರ್ಷಗಳಲ್ಲಿ ಕರ್ನಾಟಕ ಸರ್ಕಾರ ಹಳ್ಳಿಯ ಬದುಕಿಗೆ ನೇರವಾಗಿ ತಾಗುವ ಹಲವು ಕಾಯ್ದೆಗಳನ್ನು ತಂದಿದೆ ಅಥವಾ ತಿದ್ದಿದೆ. ಕೊಳವೆಬಾವಿ, ಬಾಲ್ಯವಿವಾಹ, ಸಣ್ಣ ಸಾಲ, ಸಾಮಾಜಿಕ ಬಹಿಷ್ಕಾರ, ಗ್ರಾಮ ಪಂಚಾಯಿತಿಯ ಆಸ್ತಿ ಖಾತೆ. ಸುದ್ದಿಯಲ್ಲಿ ಇವು ಬಿಡಿಬಿಡಿಯಾಗಿ ಬಂದವು, ಪ್ರತಿಸಲವೂ ಜೈಲು ಎಷ್ಟು ವರ್ಷ, ದಂಡ ಎಷ್ಟು ಎಂಬುದೇ ತಲೆಬರಹ. ಇವನ್ನೆಲ್ಲ ಒಂದು ಪಂಚಾಂಗದ ಮೇಲೆ ಹರಡಿ ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. ಇವುಗಳಲ್ಲಿ ಬಹುಪಾಲು ಪರೀಕ್ಷೆಗೆ ಕೂರುವುದು ಬೇಸಿಗೆಯಲ್ಲೇ. ಪರೀಕ್ಷೆ ನಡೆಸಬೇಕಾದವರೂ ಗ್ರಾಮ ಪಂಚಾಯಿತಿ ಮಟ್ಟದ ಅದೇ ನಾಲ್ಕಾರು ಜನ.

ಬೋರಿನಿಂದ ಶುರು ಮಾಡೋಣ. 2024ರ ಏಪ್ರಿಲ್ ಮೊದಲ ವಾರ ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಎರಡು ವರ್ಷದೊಳಗಿನ ಮಗುವೊಂದು ಮನೆಯವರೇ ಹೊಸದಾಗಿ ಕೊರೆಸಿದ್ದ ಕೊಳವೆಬಾವಿಗೆ ಬಿದ್ದು, ಸುಮಾರು 20 ಗಂಟೆಯ ಕಾರ್ಯಾಚರಣೆಯ ನಂತರ ಜೀವಂತವಾಗಿ ಮೇಲೆ ಬಂತು. 2017ರ ಏಪ್ರಿಲ್‌ನಲ್ಲಿ ಅಥಣಿ ತಾಲ್ಲೂಕಿನ ಝುಂಜರವಾಡದಲ್ಲಿ ಬಿದ್ದ ಹುಡುಗಿಗೆ ಆ ಅದೃಷ್ಟ ಇರಲಿಲ್ಲ. ಎರಡೂ ಏಪ್ರಿಲ್ ಎಂಬುದನ್ನು ಗಮನಿಸಿ. ಲಚ್ಯಾಣದ ಘಟನೆಯಾದ ವರ್ಷವೇ, ಡಿಸೆಂಬರಿನ ಬೆಳಗಾವಿ ಅಧಿವೇಶನದಲ್ಲಿ ಅಂತರ್ಜಲ ಕಾಯ್ದೆಗೆ ತಿದ್ದುಪಡಿ ಬಂತು. ಕೊರೆಯುವುದಕ್ಕೆ 15 ದಿನ ಮೊದಲು ಸ್ಥಳೀಯ ಆಡಳಿತಕ್ಕೆ ತಿಳಿಸದಿದ್ದರೆ 3 ತಿಂಗಳ ಜೈಲು, 5,000 ರೂಪಾಯಿ ದಂಡ. ಫೇಲಾದ ಬೋರನ್ನು ಮುಚ್ಚದೆ ಬಿಟ್ಟರೆ ಒಂದು ವರ್ಷ ಜೈಲು, 25,000 ರೂಪಾಯಿ ದಂಡ.

ಹದಿನೈದು ದಿನದ ಈ ನಿಯಮ ಹೊಸದಲ್ಲ. ಸುಪ್ರೀಂ ಕೋರ್ಟ್ 2010ರಲ್ಲೇ ಇದನ್ನು ಹೇಳಿತ್ತು. ಹೊಸದಾಗಿ ಸೇರಿದ್ದು ಶಿಕ್ಷೆ. ಈಗ ಒಬ್ಬ ಅಡಿಕೆಯವನೋ ದಾಳಿಂಬೆಯವನೋ ಏಪ್ರಿಲ್‌ನಲ್ಲಿ ಹೇಗೆ ಬೋರು ಕೊರೆಸುತ್ತಾನೆ ನೋಡಿ. ಸೋಮವಾರ ಮೋಟಾರು ಗಾಳಿ ಎಳೆಯುತ್ತದೆ. ಮಂಗಳವಾರ ನೀರು ನೋಡುವವನು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ಸುತ್ತಿ ಪಾಯಿಂಟ್ ತೋರಿಸುತ್ತಾನೆ. ಅದೇ ರಾತ್ರಿ ತಮಿಳುನಾಡಿನ ನಂಬರ್ ಪ್ಲೇಟಿನ ರಿಗ್ ಲಾರಿ ಹಿಂದೊಂದು ಸಾಮಾನಿನ ಲಾರಿ ಕಟ್ಟಿಕೊಂಡು ಬಂದು ನಿಲ್ಲುತ್ತದೆ. ಬೆಳಗಾಗುವಷ್ಟರಲ್ಲಿ ನೀರು ಬಿದ್ದಿರಬೇಕು, ಇಲ್ಲವೇ ಬರೀ ಬಿಳಿ ಧೂಳು ಎದ್ದಿರಬೇಕು. ರಿಗ್ ಮುಂದಿನ ಊರಿಗೆ ಹೋಗುತ್ತದೆ. ತೋಟ ಒಣಗುತ್ತಿರುವವನಿಗೆ ಹದಿನೈದು ದಿನ ಕಾಯಿರಿ ಅನ್ನುವುದೂ ಒಂದೇ, ಮುಂದಿನ ವರ್ಷ ಬನ್ನಿ ಅನ್ನುವುದೂ ಒಂದೇ. ಹಾಗಾಗಿ ಅರ್ಜಿ ಬರುವುದಿಲ್ಲ, ಪಂಚಾಯಿತಿಗೆ ಗೊತ್ತಾಗುವುದು ಧೂಳೆದ್ದ ಮೇಲೆ.

ಬಾಯಿ ತೆರೆದ ಬೋರು ಉಳಿಯುವುದಕ್ಕೆ ನಿಜವಾದ ಕಾರಣ ಅಲಕ್ಷ್ಯವಲ್ಲ, ಕೇಸಿಂಗ್ ಪೈಪಿನ ಬೆಲೆ. ನೀರು ಬೀಳದಿದ್ದರೆ ಇಳಿಸಿದ ಕೇಸಿಂಗನ್ನು ಕಿತ್ತು ಇನ್ನೊಂದು ಪಾಯಿಂಟಿಗೆ ಒಯ್ಯುತ್ತಾರೆ. ಸಾಲ ಮಾಡಿ ಕೊರೆಸಿದವನು ವಾಪಸ್ ಪಡೆಯಬಹುದಾದ ಒಂದೇ ವಸ್ತು ಅದು. ಕೇಸಿಂಗ್ ಇದ್ದಿದ್ದರೆ ಅದಕ್ಕೊಂದು ಮುಚ್ಚಳ ಹಾಕಿದರೆ ಸಾಕಿತ್ತು. ಅದು ಹೋದ ಮೇಲೆ ಉಳಿಯುವುದು ಮಣ್ಣು ಕುಸಿಯುವ ತೂತು, ಮೇಲೊಂದು ಗೋಣಿಚೀಲ ಅಥವಾ ಚಪ್ಪಡಿ ಕಲ್ಲು. ತಿದ್ದುಪಡಿಯಲ್ಲಿ ನನಗೆ ಕೆಲಸಕ್ಕೆ ಬರುತ್ತದೆ ಅನ್ನಿಸುವುದು ರೈತನ ಮೇಲಿನ ಜೈಲು ಶಿಕ್ಷೆಯಲ್ಲ, ಕೊರೆಯುವ ಏಜೆನ್ಸಿಯನ್ನೂ ಹೊಣೆ ಮಾಡಿರುವುದು. ಒಂದು ತಾಲ್ಲೂಕಿನಲ್ಲಿ ರೈತರು ಸಾವಿರಾರು, ಬೇಸಿಗೆಯಲ್ಲಿ ಓಡಾಡುವ ರಿಗ್‌ಗಳು ಬೆರಳೆಣಿಕೆ. ಅವನ್ನು ಕರೆಸುವ ಏಜೆಂಟರು ಯಾರೆಂದು ಪ್ರತಿ ಹೋಬಳಿಯ ಟೀ ಅಂಗಡಿಗೂ ಗೊತ್ತು. ತೂತು ಮುಚ್ಚಿಸಿ ಫೋಟೊ ಕೊಟ್ಟ ಮೇಲೇ ಲಾರಿ ಹೊರಡಬೇಕು ಎಂದು ಅವರನ್ನು ಹಿಡಿದರೆ ಅರ್ಧ ಕೆಲಸ ಆಯಿತು. ಜೈಲಿನ ಮಾತು ಕೇಳಿ ಹೆದರಿದ ರೈತ ಮಾಡುವುದು ಒಂದೇ, ಫೇಲಾದ ಬೋರಿನ ಸುದ್ದಿಯನ್ನು ಯಾರಿಗೂ ಹೇಳದೆ ಇರುವುದು.

ಇನ್ನು ಮದುವೆ. ನಮ್ಮ ಕಾಯ್ದೆಗಳಲ್ಲಿ ಬೇಸಿಗೆಯ ಒಂದು ದಿನವನ್ನು ಹೆಸರು ಹಿಡಿದು ಕರೆದ ಕಾಯ್ದೆ ಇದೆ ಎಂದರೆ ಅದು 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ. ಅಕ್ಷಯ ತೃತೀಯದಂಥ ದಿನಗಳಲ್ಲಿ ಸಾಮೂಹಿಕ ಬಾಲ್ಯವಿವಾಹ ತಡೆಯಲು ಜಿಲ್ಲಾ ಮ್ಯಾಜಿಸ್ಟ್ರೇಟರೇ ಬಾಲ್ಯವಿವಾಹ ನಿಷೇಧಾಧಿಕಾರಿ ಎಂದು ಅದರ 13ನೇ ಸೆಕ್ಷನ್ ಹೇಳುತ್ತದೆ. ಕರ್ನಾಟಕದಲ್ಲಿ ಆ ದಿನವೇ ಬಸವ ಜಯಂತಿ. ಉತ್ತರ ಕರ್ನಾಟಕದ ಊರುಗಳಲ್ಲಿ ಎತ್ತುಗಳಿಗೆ ಕೊಂಬಣಸು, ಝೂಲ ಹಾಕಿ ಮೆರವಣಿಗೆ, ಮಠಗಳಲ್ಲಿ ದಾಸೋಹ, ಸಾಮೂಹಿಕ ವಿವಾಹ. ಜಿಲ್ಲಾಧಿಕಾರಿ ಬೆಳಗ್ಗೆ ಬಸವಣ್ಣನ ಭಾವಚಿತ್ರಕ್ಕೆ ಹೂವಿಟ್ಟು, ಮಧ್ಯಾಹ್ನದ ಹೊತ್ತಿಗೆ ಎಲ್ಲೆಲ್ಲಿ ಮದುವೆ ತಡೆದಿರಿ ಎಂದು ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೆ (ಸಿಡಿಪಿಒ) ಫೋನ್ ಮಾಡುವ ದಿನ ಅದು.

ಕೇಂದ್ರದ ಕಾಯ್ದೆ ಬಾಲ್ಯವಿವಾಹವನ್ನು ಮೂಲತಃ ರದ್ದುಪಡಿಸಬಹುದಾದ ಮದುವೆ ಎನ್ನುತ್ತಿತ್ತು. ನ್ಯಾಯಮೂರ್ತಿ ಶಿವರಾಜ ಪಾಟೀಲ ಸಮಿತಿಯ 2011ರ ವರದಿಯ ಆಧಾರದ ಮೇಲೆ ಕರ್ನಾಟಕ 2017ರಲ್ಲಿ ತನ್ನದೇ ತಿದ್ದುಪಡಿ ಜಾರಿಗೆ ತಂದು, ಅಂಥ ಮದುವೆ ಮೊದಲಿನಿಂದಲೇ ಅಸಿಂಧು ಎಂದಿತು. ಕನಿಷ್ಠ ಒಂದು ವರ್ಷದ ಶಿಕ್ಷೆ ಸೇರಿಸಿತು, ದೂರಿಗೆ ಕಾಯದೆ ಪೊಲೀಸರು ಮೊಕದ್ದಮೆ ಹೂಡಬಹುದು ಎಂದಿತು. 2025ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅಪ್ರಾಪ್ತರ ನಿಶ್ಚಿತಾರ್ಥವನ್ನೂ ಅಪರಾಧ ಮಾಡುವ ತಿದ್ದುಪಡಿಗೆ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು.

ಶಿಕ್ಷೆ ಬಿಗಿಯಾಗುತ್ತ ಬಂದಷ್ಟು ಮದುವೆ ಕಡಿಮೆಯಾಯಿತೇ? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಸುತ್ತಿನಲ್ಲಿ, 20ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ 18 ತುಂಬುವ ಮೊದಲೇ ಮದುವೆಯಾದವರು ಕರ್ನಾಟಕದಲ್ಲಿ ಶೇ 21.4. ಐದನೇ ಸುತ್ತಿನಲ್ಲಿ, ಅಂದರೆ 2019–21ರಲ್ಲಿ, ಶೇ 21.3. ಕದಲಿಲ್ಲ. ಇದನ್ನು ತಿದ್ದುಪಡಿಯ ಸೋಲು ಎಂದು ಓದುವವರಿದ್ದಾರೆ, ಅದು ಅವಸರ. ಐದನೇ ಸುತ್ತಿನಲ್ಲಿ ಎಣಿಕೆಯಾದ ಹುಡುಗಿಯರಲ್ಲಿ ಬಹಳಷ್ಟು ಜನರ ಮದುವೆ ತಿದ್ದುಪಡಿ ಜಾರಿಯಾಗುವ ಮೊದಲೇ ಆಗಿಹೋಗಿತ್ತು. ಆದರೆ ಊರುಗಳಲ್ಲಿ ಕಾಣುವುದನ್ನು ಹೇಳುವುದಾದರೆ, ಮದುವೆ ನಿಲ್ಲುವುದಕ್ಕಿಂತ ಹೆಚ್ಚಾಗಿ ಜಾಗ ಬದಲಿಸಿದೆ. ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸಿನವರು ವಯಸ್ಸಿನ ದಾಖಲೆ ನೋಡಬೇಕು ಎಂದು ಹಲವು ಜಿಲ್ಲಾಡಳಿತಗಳು ಹೇಳಿದ ಮೇಲೆ ಪತ್ರಿಕೆಯೇ ಇಲ್ಲದ ಮದುವೆಗಳಾದವು. ಛತ್ರ ಬಿಟ್ಟು ಮನೆ ಅಂಗಳ, ಅಂಗಳ ಬಿಟ್ಟು ಬೇರೆ ತಾಲ್ಲೂಕಿನ ಗುಡಿ, ಮುಹೂರ್ತ ನಸುಕಿನ ನಾಲ್ಕಕ್ಕೆ. ಅಧಿಕಾರಿಗಳು ಹೋಗಿ ತಡೆದಲ್ಲಿ ಅಪ್ಪ ಅಮ್ಮನಿಂದ ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ. ಆ ಮುಚ್ಚಳಿಕೆಯ ಆಯುಸ್ಸು ಎಷ್ಟು ಎಂಬುದನ್ನು ಆರು ತಿಂಗಳ ನಂತರ ಹೋಗಿ ನೋಡುವವರು ಕಡಿಮೆ.

ಅದಕ್ಕಿಂತ ಕಷ್ಟದ್ದು ಆಮೇಲಿನದು. ಮದುವೆ ಅಸಿಂಧು ಎಂದ ಮೇಲೆ ಹುಡುಗಿ ಬಸುರಿಯಾಗಿ ಸರ್ಕಾರಿ ಆಸ್ಪತ್ರೆಗೆ ಹೋದರೆ ತಾಯಿ ಕಾರ್ಡಿನಲ್ಲಿ ವಯಸ್ಸು ಬರೆಯಬೇಕು, ಬರೆದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆಯ ಕೇಸು. ಹಾಗಾಗಿ ಆಸ್ಪತ್ರೆಗೇ ಹೋಗದಿರುವ ದಾರಿ ಹುಡುಕುತ್ತಾರೆ, ಇಲ್ಲವೇ ಆಧಾರಿನಲ್ಲಿ ವರ್ಷ ಏರಿಸುವ ದಾರಿ. ರಕ್ಷಣೆಗೆಂದು ಬರೆದ ಸೆಕ್ಷನ್ನು ಅವಳನ್ನೇ ನರ್ಸಮ್ಮನ ಕಣ್ಣಿನಿಂದ ಮರೆಮಾಡುತ್ತದೆ.

ಬೇಸಿಗೆಗೂ ಇದಕ್ಕೂ ಮುಹೂರ್ತದ ನಂಟು ಮಾತ್ರ ಇರುವುದಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದು ಫಲಿತಾಂಶ ಬಂದು ಪಿಯುಸಿಗೆ ಸೇರುವ ನಡುವಿನ ಆ ಖಾಲಿ ಕಾಲದಲ್ಲಿ ಹುಡುಗಿ ಯಾವ ಹಾಜರಿ ಪುಸ್ತಕದಲ್ಲೂ ಇರುವುದಿಲ್ಲ. ಫೇಲಾದರಂತೂ ಮುಗಿಯಿತು, ಮನೆಯಲ್ಲಿ ಮಾತು ಶುರುವಾಗುತ್ತದೆ. 2023–24ರಲ್ಲಿ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಮೂರು ಪರೀಕ್ಷೆ ಬಂದಾಗ ನಗರದ ಜನ ಗುಣಮಟ್ಟದ ಬಗ್ಗೆ ವಾದ ಮಾಡಿದರು. ಹಳ್ಳಿಯ ಹುಡುಗಿಯ ಲೆಕ್ಕದಲ್ಲಿ ಅದು ಬೇರೆ. ‘ಇನ್ನೊಂದು ಪರೀಕ್ಷೆ ಐತೆ ಕಣಪ್ಪ, ಅದಾಗಲಿ’ ಎಂದು ಹೇಳಲು ಅವಳಿಗೆ ಒಂದು ಮಾತು ಸಿಕ್ಕಿತು. ಮದುವೆಯನ್ನು ಎರಡು ತಿಂಗಳು ಮುಂದೂಡಿದರೆ ಲಗ್ನದ ಕಾಲ ದಾಟಿ ಆಷಾಢ ಬರುತ್ತದೆ. ಶಿಕ್ಷಣ ಇಲಾಖೆ ಇದನ್ನು ಯೋಚಿಸಿ ಮಾಡಿತೋ ಇಲ್ಲವೋ, ಬಾಲ್ಯವಿವಾಹದ ವಿರುದ್ಧ ಒಂದು ಸೆಕ್ಷನ್‌ಗಿಂತ ಒಂದು ಮರುಪರೀಕ್ಷೆಯ ಹಾಲ್ ಟಿಕೆಟ್ ಮೇಲು ಎಂಬುದು ನನ್ನ ಅಂದಾಜು.

ಮದುವೆ ಅಂದರೆ ಸಾಲ. 2025ರ ಆರಂಭದಲ್ಲಿ ಮೈಕ್ರೋಫೈನಾನ್ಸ್ ಕಿರುಕುಳಕ್ಕೆ ಊರು ಬಿಟ್ಟವರ, ಜೀವ ಬಿಟ್ಟವರ ಸುದ್ದಿಗಳು ಒಂದರ ಹಿಂದೆ ಒಂದು ಬಂದಾಗ ಸರ್ಕಾರ ಸುಗ್ರೀವಾಜ್ಞೆ ತಂದಿತು. ರಾಜ್ಯಪಾಲರು ಒಮ್ಮೆ ವಾಪಸ್ ಕಳಿಸಿದರು. ಸಾಲದ ಗರಿಷ್ಠ ಮೊತ್ತವೇ 3 ಲಕ್ಷವಿರುವಾಗ 5 ಲಕ್ಷ ದಂಡ ಹೇಗೆ ಎಂಬುದು ಅವರ ಆಕ್ಷೇಪಗಳಲ್ಲೊಂದು. ಫೆಬ್ರುವರಿ 12ರಂದು ಅಂಕಿತ ಬಿತ್ತು. ಮಾರ್ಚ್‌ನಲ್ಲಿ ಅದೇ ಮಸೂದೆಯಾಗಿ ಸದನದಲ್ಲಿ ಅಂಗೀಕಾರವಾಯಿತು. 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಪರವಾನಗಿ, ನೋಂದಣಿ ಇಲ್ಲದವರು ದುರ್ಬಲ ವರ್ಗದವರಿಗೆ ಕೊಟ್ಟ ಸಾಲ ತೀರಿದಂತೆಯೇ ಲೆಕ್ಕ. ಠಾಣೆಯವರು ದೂರು ತೆಗೆದುಕೊಳ್ಳುವುದಿಲ್ಲ ಎನ್ನುವಂತಿಲ್ಲ.

ಊರಿನಲ್ಲಿ ಇದು ಅರ್ಧಂಬರ್ಧ ಹರಡಿತು. ‘ಸಂಘದ ಸಾಲ ಮನ್ನಾ ಆತಂತೆ’ ಎಂಬ ಮಾತು ಮೊದಲು ಬಂತು, ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಸಂಸ್ಥೆಯ ಸಾಲ ಮನ್ನಾ ಆಗುವುದಿಲ್ಲ ಎಂಬ ಮಾತು ಬರಲೇ ಇಲ್ಲ. ಸಾಲ ಕೊಟ್ಟವರು ದೊಡ್ಡ ಸಂಸ್ಥೆಯೋ ಬೋರ್ಡಿಲ್ಲದ ಬಡ್ಡಿ ವ್ಯವಹಾರದವರೋ ಎಂದು ಸಾಲಗಾರ್ತಿಗೆ ಹೇಗೆ ಗೊತ್ತಾಗಬೇಕು? ಇಬ್ಬರೂ ಬೈಕಿನಲ್ಲೇ ಬರುತ್ತಾರೆ, ಇಬ್ಬರ ಹೆಗಲಲ್ಲೂ ಅದೇ ಬ್ಯಾಗು.

ಕಾಯ್ದೆ ಕಿರುಕುಳವನ್ನು ಹುಡುಕುವುದು ಸಾಲ ಕೊಟ್ಟವನ ಮತ್ತು ಅವನ ಏಜೆಂಟನ ನಡವಳಿಕೆಯಲ್ಲಿ. ಬೆನ್ನು ಹತ್ತುವುದು, ಪದೇಪದೇ ಮನೆಗೆ ಬರುವುದು, ಬೆದರಿಸುವುದು. ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನವೂ ಬೆಳಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಕರೆ ಮಾಡಬಾರದು ಎನ್ನುತ್ತದೆ. ಸಂಘದ ಸಾಲದ ಒತ್ತಡ ಬರುವ ದಾರಿಯೇ ಬೇರೆ. ಹತ್ತು ಹೆಂಗಸರ ಗುಂಪಿನಲ್ಲಿ ಒಬ್ಬಳು ಕಂತು ತಪ್ಪಿಸಿದರೆ ಉಳಿದ ಒಂಬತ್ತು ಜನ ಎದ್ದು ಹೋಗುವಂತಿಲ್ಲ. ಏಜೆಂಟ್ ಗಟ್ಟಿಯಾಗಿ ಒಂದು ಮಾತೂ ಆಡಬೇಕಿಲ್ಲ, ಫೋನ್ ನೋಡುತ್ತ ಕೂತರೆ ಸಾಕು. ಅಡುಗೆ ಬಿಟ್ಟು ಬಂದವಳು, ಕೂಸು ಮಲಗಿಸಿ ಬಂದವಳು ತಾವೇ ಆಡುತ್ತಾರೆ. ‘ತೇರಿಗೆ ಸೀರೆ ತಗೊಳ್ಳಾಕೆ ದುಡ್ಡೈತಿ, ಕಂತಿಗಿಲ್ಲೇನು?’ ಈ ಮಾತಿಗೆ ಯಾವ ಸೆಕ್ಷನ್? ಬೇಸಿಗೆಯಲ್ಲಿ ಇದು ಜೋರಾಗುವುದಕ್ಕೆ ಕಾರಣ ಸರಳ. ಕೂಲಿ ನಿಲ್ಲುತ್ತದೆ, ಕಂತು ನಿಲ್ಲುವುದಿಲ್ಲ. ಸಂಬಳದವರ ತಿಂಗಳನ್ನು ನೋಡಿ ಮಾಡಿದ ಕಂತಿನ ಚೀಟಿಗೆ ಬಿತ್ತನೆ, ಕಟಾವು, ಖಾಲಿ ಕಾಲ ಎಂಬುದು ಗೊತ್ತಿಲ್ಲ. ಏಪ್ರಿಲ್, ಮೇ ಕಂತುಗಳನ್ನು ಸುಗ್ಗಿಗೆ ಸರಿಸುವ ಒಂದು ಸಾಲು ನಿಯಮ, ಹತ್ತು ವರ್ಷದ ಜೈಲಿಗಿಂತ ಹೆಚ್ಚು ಮನೆಗಳನ್ನು ಉಳಿಸುತ್ತಿತ್ತು.

ಈ ಕಾಯ್ದೆಗಳನ್ನು ಬೇರೆ ಬೇರೆ ಇಲಾಖೆಗಳು ಬರೆಯುತ್ತವೆ. ಅಂತರ್ಜಲದ್ದು ಸಣ್ಣ ನೀರಾವರಿ, ಬಾಲ್ಯವಿವಾಹದ್ದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ, ಬಹಿಷ್ಕಾರದ್ದು ಸಮಾಜ ಕಲ್ಯಾಣ. ಕೆಳಗಿಳಿದು ಬಂದಾಗ ಎಲ್ಲವೂ ಗ್ರಾಮ ಪಂಚಾಯಿತಿಯ ಅದೇ ಕೊಠಡಿಗೆ ಬರುತ್ತವೆ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ), ಗ್ರಾಮ ಆಡಳಿತ ಅಧಿಕಾರಿ, ಅಂಗನವಾಡಿ ಕಾರ್ಯಕರ್ತೆ, ಬೀಟ್ ಪೊಲೀಸ್. ಬೋರಿನ ಮಾಹಿತಿ ಪಿಡಿಒಗೆ. ಬಾಲ್ಯವಿವಾಹ ನಿಷೇಧಾಧಿಕಾರಿಗಳ ಪಟ್ಟಿಯಲ್ಲೂ ಪಿಡಿಒ. 2025ರ ಪಂಚಾಯತ್ ರಾಜ್ ತಿದ್ದುಪಡಿಯ ನಂತರ ಖಾತೆಯಿಲ್ಲದ ಹಳ್ಳಿಯ ಆಸ್ತಿಗಳಿಗೆ ಇ-ಖಾತೆ ಕೊಡುವ ಕೆಲಸವೂ ಅವರದೇ. ಬೇಸಿಗೆಯಲ್ಲಿ ಇದರ ಮೇಲೆ ಟ್ಯಾಂಕರ್ ನೀರು, ಮೇವು, ಜಾತ್ರೆಯ ಶುಚಿತ್ವ. ಕಲಬುರಗಿ ವಿಭಾಗ ಮತ್ತು ಬೆಳಗಾವಿ ವಿಭಾಗದ ಕೆಲವು ಜಿಲ್ಲೆಗಳಲ್ಲಿ ಬಿಸಿಲಿಗೆ ಸರ್ಕಾರಿ ಕಚೇರಿ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ. ಕೆಲಸ ಹೆಚ್ಚುವ ತಿಂಗಳಲ್ಲೇ ಹೊತ್ತು ಕಮ್ಮಿ. ಬಿಸಿಲು ನೋಡಿದರೆ ಅದು ತಪ್ಪೆನ್ನಲೂ ಆಗದು.

ಪಿಡಿಒ ಬೇರೆ ಊರಿನವರು, ಸಂಜೆ ಬಸ್ಸು ಹತ್ತುತ್ತಾರೆ. ಅಂಗನವಾಡಿ ಅಕ್ಕ ಹೋಗುವುದೆಲ್ಲಿಗೆ? ಪಕ್ಕದ ಬೀದಿಯ ಹುಡುಗಿಯ ಮದುವೆ ಸುದ್ದಿಯನ್ನು ಮಕ್ಕಳ ಸಹಾಯವಾಣಿ 1098ಕ್ಕೆ ಹೇಳಿದವಳು ಅವಳೇ ಎಂದು ಊರಿಗೆ ಒಂದೇ ದಿನದಲ್ಲಿ ತಿಳಿಯುತ್ತದೆ. ಮರುದಿನ ಅದೇ ಬೀದಿಯ ನಲ್ಲಿಗೆ ಕೊಡ ಹಿಡಿದು ಹೋಗಬೇಕು. ಮಾಹಿತಿ ಕೊಟ್ಟವರ ಹೆಸರು ಗುಟ್ಟಾಗಿಡುತ್ತೇವೆ ಎಂಬ ಭರವಸೆಗೆ ಮುನ್ನೂರು ಮನೆಯ ಊರಿನಲ್ಲಿ ಅರ್ಥವಿಲ್ಲ.

ಜಾತ್ರೆಯ ವಿಷಯಕ್ಕೆ ಬಂದರೆ ಕಾನೂನು ತುಸು ತಲೆ ತಗ್ಗಿಸುತ್ತದೆ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತ ಮೇಲೆ ಗುಂಪು ನಿಯಂತ್ರಣ ಮಸೂದೆ ಬಂತು, ಚರ್ಚೆಗೆ ಸದನ ಸಮಿತಿಗೆ ಹೋಯಿತು. ಅದರ ಮೊದಲ ಕರಡು ಜಾತ್ರೆ, ರಥೋತ್ಸವ, ಪಲ್ಲಕ್ಕಿ ಉತ್ಸವ, ಉರುಸುಗಳನ್ನು ಹೊರಗಿಟ್ಟಿತ್ತು. ರಾಜಕೀಯವಾಗಿ ಯಾಕೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಅದೇ ವರ್ಷದ ಮಾರ್ಚ್‌ನಲ್ಲಿ ಆನೇಕಲ್ ತಾಲ್ಲೂಕಿನ ಹುಸ್ಕೂರಿನಲ್ಲಿ ಮದ್ದೂರಮ್ಮನ ಜಾತ್ರೆಗೆ ಬರುತ್ತಿದ್ದ ನೂರಡಿ ಮೀರಿದ ತೇರು ಉರುಳಿ ಜೀವ ಹೋಗಿತ್ತು. ಹಿಂದಿನ ವರ್ಷವೂ ಅಲ್ಲಿ ತೇರು ಬಿದ್ದಿತ್ತು. ಕ್ರಿಕೆಟ್ ನೋಡಲು ಬಂದವನ ಪ್ರಾಣಕ್ಕೆ ಇರುವ ಲೆಕ್ಕ ತೇರೆಳೆಯಲು ಬಂದವನ ಪ್ರಾಣಕ್ಕೂ ಇರಬೇಡವೇ? ತೇರಿನ ಎತ್ತರ ಎಷ್ಟು, ಅಚ್ಚು ಗಟ್ಟಿಯಿದೆಯೇ, ಗಾಳಿ ಎಷ್ಟಿದೆ ಎಂದು ನೋಡಿ ಸಹಿ ಹಾಕಲು ಲೋಕೋಪಯೋಗಿ ಇಲಾಖೆಯ ಒಬ್ಬ ಎಂಜಿನಿಯರ್ ಬಂದರೆ ದೇವರೇನು ಮುನಿಯುವುದಿಲ್ಲ.

ಧ್ವನಿವರ್ಧಕದ ಪುರಾಣ ಚಿಕ್ಕದು. ಕೇಂದ್ರದ 2000ರ ನಿಯಮದಂತೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಮೈಕು ನಿಷಿದ್ಧ. ರಾಜ್ಯ ಮನಸ್ಸು ಮಾಡಿದರೆ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿವರೆಗೆ ಸಡಿಲಿಸಬಹುದು. ನಮ್ಮ ಬಯಲಾಟ ಶುರುವಾಗುವುದು ರಾತ್ರಿ 10ಕ್ಕೆ, ಮಂಗಳ ಹಾಡುವುದು ಬೆಳಗಿನ 6ಕ್ಕೆ. ನಿಯಮ ಬರೆದವರು ಬಯಲಾಟದ ವೇಳಾಪಟ್ಟಿಯನ್ನೇ ಎದುರಿಗಿಟ್ಟುಕೊಂಡಿದ್ದರೇನೋ! ಕರಾವಳಿಯಲ್ಲಿ ಕಟೀಲು ಯಕ್ಷಗಾನ ಮೇಳದ ಆಡಳಿತ ಮಂಡಳಿ 2022ರಲ್ಲಿ ಆಟವನ್ನು ಕಾಲಮಿತಿಗೆ ಹೊರಳಿಸಿತ್ತು. ಬಯಲುಸೀಮೆಯ ಹವ್ಯಾಸಿ ತಂಡಗಳಿಗೆ ಅಂಥ ಆಡಳಿತ ಮಂಡಳಿಯಿಲ್ಲ. ಅವರು ಠಾಣೆಗೆ ಹೋಗಿ ಕೈಮುಗಿಯುತ್ತಾರೆ, ಆ ರಾತ್ರಿ ಪಿಎಸ್ಐ ಬೇರೆ ಊರಿಗೆ ಬಂದೋಬಸ್ತಿಗೆ ಹೋಗಿರುತ್ತಾರೆ.

ಊರಿನ ಮನಸ್ಸು ಒಪ್ಪಿದರೆ ಕಾಯ್ದೆಗೆ ಮೊದಲೇ ಬದಲಾವಣೆ ಆಗುತ್ತದೆ ಎಂಬುದಕ್ಕೆ ಜಾತ್ರೆಯದೇ ಸಾಕ್ಷಿ ಇದೆ. ಶಿರಸಿ ಮಾರಿಕಾಂಬೆಯ ಜಾತ್ರೆಯಲ್ಲಿ ಕೋಣನ ಬಲಿ ನಿಂತದ್ದು 1930ರ ದಶಕದಲ್ಲಿ, ಗಾಂಧೀಜಿಯ ಮಾತಿಗೆ ಊರು ಕಿವಿಗೊಟ್ಟ ಕಾಲದಲ್ಲಿ. ಕರ್ನಾಟಕದ ಪ್ರಾಣಿಬಲಿ ತಡೆ ಕಾಯ್ದೆ 1959ರದು. ಕಾಯ್ದೆ ಬಂದು ದಶಕಗಳಾದರೂ ಚೆಕ್‌ಪೋಸ್ಟ್ ಹಾಕಿ ಕುರಿ ತಡೆಯಬೇಕಾದ ಜಾತ್ರೆಗಳು ಇನ್ನೂ ಇವೆ.

ಹಾಗಾದರೆ ಕಾಯ್ದೆಯ ಸುದ್ದಿ ಊರಿಗೆ ಮುಟ್ಟುವ ದಾರಿ ಯಾವುದು? ಹಿಂದೆ ತಮಟೆ ಬಡಿದು ಡಂಗುರ ಸಾರುತ್ತಿದ್ದರು. ಈಗ ಪಂಚಾಯಿತಿಯ ಕಸದ ಗಾಡಿಗೆ ಮೈಕಿದೆ, ಅದು ಹಾಡುವುದು ಕಸದ ಹಾಡು ಒಂದೇ. ಬೇಸಿಗೆಯಲ್ಲಿ ಪಂಚಾಯಿತಿಯ ಅರಿವು ಕೇಂದ್ರಗಳಲ್ಲಿ, ಅಂದರೆ ಗ್ರಂಥಾಲಯಗಳಲ್ಲಿ, ಮಕ್ಕಳ ಶಿಬಿರ ನಡೆಯುತ್ತದೆ. ಕತೆ, ಕಾಗದದ ಆಟಿಕೆ, ಚೆಸ್, ಊರಿನ ನಕ್ಷೆ ಬರೆಯುವುದು. ಆ ನಕ್ಷೆಯಲ್ಲಿ ಗುಡಿ, ಶಾಲೆ, ಕೆರೆಯ ಜೊತೆ ಮುಚ್ಚದ ಬೋರುಗಳನ್ನೂ ಗುರುತಿಸಿ ಎಂದರೆ ಒಂದು ಮಧ್ಯಾಹ್ನದಲ್ಲಿ ಮಕ್ಕಳು ಮುಗಿಸುತ್ತಾರೆ. ಯಾರ ಹೊಲದಲ್ಲಿ ಯಾವ ಕಲ್ಲಿನ ಕೆಳಗೆ ತೂತಿದೆ ಎಂಬುದು ಅವರಿಗೆ ಗೊತ್ತಿರುವಷ್ಟು ಯಾವ ಇಲಾಖೆಗೂ ಗೊತ್ತಿಲ್ಲ. ತೇರಿಗೆ ಮೊದಲು ತಹಶೀಲ್ದಾರರು ಕರೆಯುವ ಪೂರ್ವಭಾವಿ ಸಭೆ ಇನ್ನೊಂದು ಜಾಗ. ಊರಿನ ಹಿರಿಯರು, ದೇವಸ್ಥಾನ ಸಮಿತಿ, ಪೊಲೀಸರು, ಕರೆಂಟಿನವರು ಒಟ್ಟಿಗೆ ಕೂರುವುದು ವರ್ಷಕ್ಕೆ ಅದೊಂದೇ ಸಲ. ಅಲ್ಲಿ ಚರ್ಚೆಯಾಗುವುದು ಬ್ಯಾರಿಕೇಡು, ನೀರು, ತೇರಿನ ದಾರಿಯ ತಂತಿ. ಅರ್ಧ ಗಂಟೆ ಹೆಚ್ಚು ಕೂತರೆ ಬೇರೆ ಮಾತೂ ಆಗಬಹುದು.

ಆ ಬೇರೆ ಮಾತಿನಲ್ಲಿ ಒಂದು, ಬಹಿಷ್ಕಾರ. ಸಾಮಾಜಿಕ ಬಹಿಷ್ಕಾರ ತಡೆ ಮಸೂದೆ 2025ರ ಡಿಸೆಂಬರಿನ ಬೆಳಗಾವಿ ಅಧಿವೇಶನದಲ್ಲಿ ಅಂಗೀಕಾರವಾಯಿತು. 3 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ಮಹಾರಾಷ್ಟ್ರ ಇಂಥ ಕಾಯ್ದೆಯನ್ನು 2016ರಲ್ಲೇ ಮಾಡಿತ್ತು. ಬಹಿಷ್ಕಾರ ಎಂದರೆ ಅಂಗಡಿಯಲ್ಲಿ ಸಾಮಾನು ಕೊಡದಿರುವುದು, ಮಾತು ಬಿಡುವುದು ಎಂದು ಹೊರಗಿನವರು ತಿಳಿಯುತ್ತಾರೆ. ಅದು ಎದ್ದು ಕಾಣುವ ಬಗೆ. ಸದ್ದಿಲ್ಲದ ಬಗೆ ಶುರುವಾಗುವುದು ಜಾತ್ರೆಯ ವಂತಿಗೆಯಿಂದ. ತೇರಿಗೆ ತಿಂಗಳಿರುವಾಗ ಸಮಿತಿಯವರು ಪುಸ್ತಕ ಹಿಡಿದು ಮನೆಮನೆಗೆ ಹೋಗುತ್ತಾರೆ, ಮನೆಗಿಷ್ಟು ಎಂದು ಪಟ್ಟಿ ಎತ್ತುತ್ತಾರೆ. ಕೊಡಲಾರದವನ ಹೆಸರಿನ ಮುಂದೆ ಬಾಕಿ ಎಂದು ಬರೆಯುತ್ತಾರೆ. ಅದೊಂದು ಅವಮಾನ, ಆದರೂ ಹೆಸರಿದೆ. ಇನ್ನು ಕೆಲವರ ಮನೆಯ ಮುಂದೆ ಪುಸ್ತಕ ನಿಲ್ಲುವುದೇ ಇಲ್ಲ. ಜಾತಿ ಬಿಟ್ಟು ಮದುವೆಯಾದ ಮಗಳಿರುವ ಮನೆ, ಹೊಲದ ಬದುವಿಗೆ ಕೋರ್ಟಿಗೆ ಹೋದ ಮನೆ, ಗುಡಿ ಪ್ರವೇಶ ಕೇಳಿದವರ ಕೇರಿ. ಅವರ ದುಡ್ಡು ಬೇಡ ಎಂದರೆ ಅವರ ತೇರೂ ಅಲ್ಲ ಎಂದು ಅರ್ಥ. ಯಾರೂ ಯಾರಿಗೂ ಏನೂ ಹೇಳಿರುವುದಿಲ್ಲ, ದೂರು ಬರೆಯಲು ಒಂದು ಬೈಗುಳವೂ ಸಿಗುವುದಿಲ್ಲ.

ಜಾತ್ರೆ ಮುಗಿದ ಮಾರನೇ ವಾರ ಗುಡಿಯ ಕಟ್ಟೆ ಮೇಲೆ ಲೆಕ್ಕ ಓದುವ ರೂಢಿ ಅನೇಕ ಊರುಗಳಲ್ಲಿದೆ. ಹೂವಿಗೆ ಇಷ್ಟು, ಶಾಮಿಯಾನಕ್ಕೆ ಇಷ್ಟು, ನಾಟಕದ ಸೀನರಿಗೆ ಇಷ್ಟು, ವಂತಿಗೆ ಕೊಟ್ಟವರು ಇಂತಿಂಥವರು. ಪುಸ್ತಕದಲ್ಲಿ ಯಾವ ಮನೆ ಬಿಟ್ಟುಹೋಗಿದೆ ಎಂಬುದು ಅಲ್ಲಿ ಕೂತ ಪ್ರತಿಯೊಬ್ಬರಿಗೂ ಗೊತ್ತಿರುತ್ತದೆ. ಪಿಡಿಒಗೆ ಮಾತ್ರ ಅದು ಗೊತ್ತಾಗುವುದು ಆ ಮನೆಯವರು ಅರ್ಜಿ ಹಿಡಿದು ಬಂದಾಗ, ಅದೂ ಮಧ್ಯಾಹ್ನ ಒಂದೂವರೆಯ ಒಳಗೆ ಬಂದರೆ.